ಅನ್ನನಾಳದ ಗಡ್ಡೆ: ರೋಬೋಟಿಗಿಂತ ಮೊದಲು ಕೇಳಬೇಕಾದದ್ದು

ಸಂಪಾದಕರಿಗೆ,

ಮಾನ್ಯರೇ,

ಮುಂಬಯಿಯಲ್ಲಿ ಡಾಕ್ಟರ ಬಾಯಿಂದ ‘ಗಾಠ್’ (ಗಡ್ಡೆ) ಎಂಬ ಮರಾಠಿ ಮಾತು ಬಿದ್ದರೆ ಸಾಕು, ಮನೆಯವರ ಕಣ್ಣೆದುರು ಪರೇಲ್ ಬಂದು ನಿಲ್ಲುತ್ತದೆ. 1941ರಿಂದ ಟಾಟಾ ಸ್ಮಾರಕ ಆಸ್ಪತ್ರೆ ಅಲ್ಲಿರುವುದರಿಂದ ಈ ಊರಿನಲ್ಲಿ ಪರೇಲ್ ಅಂದರೆ ಕ್ಯಾನ್ಸರ್, ಗಾಠ್ ಅಂದರೂ ಕ್ಯಾನ್ಸರ್. ಅನ್ನನಾಳದ ಮಟ್ಟಿಗೆ ಆ ಭಯ ಬಹುಪಾಲು ನಿಜವೇ. ಅಲ್ಲಿ ಸಿಗುವ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರೇ. ಆದರೆ ನೂರಕ್ಕೆ ಒಂದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆಗಳೂ ಅಲ್ಲಿ ಬೆಳೆಯುತ್ತವೆ. ಈ ಅಪರೂಪದ ಗಡ್ಡೆಯವರಿಗೇ ಅವಸರದಿಂದ ಹೆಚ್ಚು ಹಾನಿ ಆಗುವುದು. ರೋಬೋಟ್ ಶಸ್ತ್ರಚಿಕಿತ್ಸೆಯ ಜಾಹೀರಾತುಗಳು ರೈಲು ನಿಲ್ದಾಣದ ಗೋಡೆಯವರೆಗೂ ಬಂದಿರುವ ಈ ಹೊತ್ತಿನಲ್ಲಿ, ಆ ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಅದಕ್ಕೂ ಮುನ್ನ ಯಾವ ತಪ್ಪು ಆಗಬಾರದು ಎಂಬುದನ್ನು ಮುಂಬಯಿ ಕನ್ನಡಿಗರ ಮುಂದಿಡಲು ಈ ಪತ್ರ.

ಮೊದಲು ಗಡ್ಡೆ ಇರುವ ಜಾಗ ತಿಳಿಯಬೇಕು. ಗಂಟಲಿನಿಂದ ಹೊಟ್ಟೆಗೆ ಇಳಿಯುವ ಅನ್ನನಾಳ ದೊಡ್ಡವರಲ್ಲಿ ಸುಮಾರು 25 ಸೆಂ.ಮೀ. ಉದ್ದ. ಅದರ ಒಳಗೆ ನುಣುಪಾದ ಒಳಪೊರೆ, ಅದರಡಿ ಒಂದು ಸಡಿಲ ಪದರ, ಆಮೇಲೆ ಎರಡು ಸುತ್ತು ಸ್ನಾಯು. ಒಳಸುತ್ತು ಬಳೆಯಂತೆ ಅಡ್ಡಡ್ಡ, ಹೊರಸುತ್ತು ಉದ್ದುದ್ದ. ಹೊಟ್ಟೆಗೂ ಕರುಳಿಗೂ ಹೊರಗಡೆ ಒಂದು ಗಟ್ಟಿ ಪೊರೆ ಇದೆ, ಅನ್ನನಾಳಕ್ಕೆ ಅದಿಲ್ಲ. ಅಂದರೆ ಒಳಪೊರೆ ಹರಿದು, ಮೇಲಿನ ಸ್ನಾಯುವೂ ಬಿಟ್ಟುಕೊಂಡರೆ ನುಂಗಿದ ಎಂಜಲು, ನೀರು, ಅನ್ನ ಎಲ್ಲವೂ ನೇರ ಎದೆಯೊಳಕ್ಕೆ. ಮುಂದೆ ಹೇಳುವುದೆಲ್ಲ ಈ ತೆಳ್ಳನೆಯ ಒಳಪೊರೆಯನ್ನು ಉಳಿಸಿಕೊಳ್ಳುವ ವಿಚಾರವೇ.

ಕ್ಯಾನ್ಸರ್ ಅಲ್ಲದ ಅನ್ನನಾಳದ ಗಡ್ಡೆಗಳಲ್ಲಿ ಮೂರರಲ್ಲಿ ಎರಡರಷ್ಟು ಲಿಯೋಮಯೋಮಾ ಜಾತಿಯವು. ಇವು ಹುಟ್ಟುವುದು ಸ್ನಾಯುವಿನಲ್ಲಿ, ಒಳಪೊರೆಯಲ್ಲಲ್ಲ. 20ರಿಂದ 50ರ ವಯಸ್ಸಿನವರಲ್ಲಿ ಹೆಚ್ಚು. ಗಂಡಸರಲ್ಲಿ ಹೆಂಗಸರಿಗಿಂತ ಸುಮಾರು ಎರಡರಷ್ಟು. ಬಹಳಷ್ಟು ಅನ್ನನಾಳದ ನಡು ಮತ್ತು ಕೆಳಭಾಗದಲ್ಲೇ ಇರುತ್ತವೆ, ಸಾಮಾನ್ಯವಾಗಿ ಒಂದೇ ಒಂದು. ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ, ಕ್ಯಾನ್ಸರಾಗಿ ತಿರುಗುವುದು ತೀರಾ ವಿರಳ. ಅರ್ಧಕ್ಕರ್ಧ ಮಂದಿಗೆ ಯಾವ ತೊಂದರೆಯೂ ಇರುವುದಿಲ್ಲ. ಬೇರೇನಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಾಣುತ್ತದೆ. ಉಳಿದವರಿಗೆ ಚಪಾತಿ, ಮಾಂಸದಂಥ ಗಟ್ಟಿ ಆಹಾರ ಎದೆಯ ನಡುವೆ ನಿಂತಂತೆ ಆಗುವುದು, ನೀರು ಕುಡಿದು ದೂಡುವುದು, ಎದೆಮೂಳೆಯ ಹಿಂದೆ ಒತ್ತಿದಂತೆ ನೋವು. ನಮ್ಮಲ್ಲಿ ಇದನ್ನು ‘ಗ್ಯಾಸ್’ ಎಂದು ಕರೆದು ತಿಂಗಳುಗಟ್ಟಲೆ ಆಸಿಡಿಟಿ ಮಾತ್ರೆ ನುಂಗುವವರು ಬಹಳ. ಹೋಟೆಲ್ ಕೆಲಸದವರಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವವರಲ್ಲಿ ಇದು ಇನ್ನೂ ಹೆಚ್ಚು. ನುಂಗುವುದು ಕಷ್ಟವಾದರೆ ಅದು ಗ್ಯಾಸ್ ಅಲ್ಲ. ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ಆಗಲೇಬೇಕು, ಬೇಗ ಆಗಬೇಕು, ಏಕೆಂದರೆ ಮೊದಲು ತಳ್ಳಿಹಾಕಬೇಕಾದದ್ದು ಕ್ಯಾನ್ಸರನ್ನೇ.

ಎಂಡೋಸ್ಕೋಪಿಯ ಪರದೆಯ ಮೇಲೆ ಎರಡು ಕಾಯಿಲೆಗಳೂ ಬೇರೆ ಬೇರೆ ಕಾಣುತ್ತವೆ. ಕ್ಯಾನ್ಸರಾದರೆ ಒಳಪೊರೆಯೇ ಕೆಟ್ಟಿರುತ್ತದೆ: ಹುಣ್ಣು, ತರಿತರಿ, ಮುಟ್ಟಿದರೆ ರಕ್ತ. ಅಲ್ಲಿ ಬಯಾಪ್ಸಿ ತೆಗೆಯಲೇಬೇಕು, ಒಂದಲ್ಲ, ಹಲವು ತುಣುಕು. ಲಿಯೋಮಯೋಮಾ ಆದರೆ ಗೋಡೆಯೊಂದು ಒಳಕ್ಕೆ ಉಬ್ಬಿರುತ್ತದೆ, ಮೇಲಿನ ಪೊರೆ ಮಾತ್ರ ನುಣ್ಣಗೆ, ಹೊಳೆಯುತ್ತಾ, ಪಕ್ಕದ ಪೊರೆಯಂತೆಯೇ ಇರುತ್ತದೆ. ಎಂಡೋಸ್ಕೋಪಿನ ತುದಿಯಿಂದ ಮೆಲ್ಲನೆ ತಳ್ಳಿದರೆ ಗಡ್ಡೆ ಪೊರೆಯ ಕೆಳಗೆ ಅತ್ತಿತ್ತ ಜರುಗುತ್ತದೆ. ಕೊಳವೆಯೂ ಸಾಮಾನ್ಯವಾಗಿ ಅದನ್ನು ದಾಟಿ ಹೊಟ್ಟೆಗೆ ಇಳಿಯುತ್ತದೆ.

ಇಂಥ ನುಣುಪಾದ ಉಬ್ಬಿನಿಂದ ಚಿಮಟದಲ್ಲಿ ತುಣುಕು ಕೀಳಬಾರದು. ಈ ಪತ್ರದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಕಾರಣ ಸರಳ. ಸಾಮಾನ್ಯ ಬಯಾಪ್ಸಿ ಚಿಮಟ ಮೇಲಿನ ಒಳಪೊರೆಯನ್ನಷ್ಟೇ ಕಚ್ಚುತ್ತದೆ; ಗಡ್ಡೆ ಅದಕ್ಕಿಂತ ಕೆಳಗಿದೆ. ಹಾಗಾಗಿ ವರದಿಯಲ್ಲಿ ಹೆಚ್ಚಾಗಿ ‘ಸಾಮಾನ್ಯ ಪೊರೆ’ ಎಂದೇ ಬರುತ್ತದೆ, ಉಪಯೋಗ ಸೊನ್ನೆ. ಆದರೆ ಕಚ್ಚಿದ ಜಾಗ ಮಾಯುವಾಗ ಒಳಪೊರೆ ಕೆಳಗಿನ ಗಡ್ಡೆಗೆ ಅಂಟಿಕೊಳ್ಳುತ್ತದೆ. ನಾಳೆ ಶಸ್ತ್ರಚಿಕಿತ್ಸಕರು ಗಡ್ಡೆಯನ್ನು ಬಿಡಿಸುವಾಗ, ಸುತ್ತೆಲ್ಲ ಸಲೀಸಾಗಿ ಬಿಟ್ಟುಕೊಂಡ ಪೊರೆ ಆ ಒಂದು ಕಲೆಯ ಜಾಗದಲ್ಲಿ ಗಡ್ಡೆಯ ಜೊತೆ ಕಿತ್ತು ಬರುತ್ತದೆ. ಅನ್ನನಾಳಕ್ಕೆ ತೂತು ಬೀಳುವುದು ಹೀಗೆ. ಆಗಲೇ ಬಯಾಪ್ಸಿ ಆಗಿಹೋಗಿದ್ದರೆ ಮುಚ್ಚಿಡಬೇಡಿ. ಯಾವ ದಿನ, ಎಷ್ಟು ತುಣುಕು ಎಂಬ ವಿವರವಿರುವ ವರದಿಯನ್ನು ಶಸ್ತ್ರಚಿಕಿತ್ಸಕರ ಕೈಗೆ ಮೊದಲೇ ಕೊಡಿ. ಊರಿಗೆ ಹೋಗಿ ಮಂಗಳೂರಿನಲ್ಲೋ ಮಣಿಪಾಲದಲ್ಲೋ ಇನ್ನೊಮ್ಮೆ ತೋರಿಸುವವರು ಇಲ್ಲಿಯ ಕಾಗದಪತ್ರ ಬಿಟ್ಟು ಹೋಗಿ, ಅಲ್ಲಿ ಮತ್ತೊಮ್ಮೆ ತುಣುಕು ತೆಗೆಸಿಕೊಂಡರೆ ಕಲೆ ಎರಡಾಗುತ್ತದೆ.

ಹಾಗಾದರೆ ಗೊತ್ತಾಗುವುದು ಹೇಗೆ? ಎಂಡೋಸ್ಕೋಪಿಕ್ ಅಲ್ಟ್ರಾಸೌಂಡಿನಿಂದ. ಕೊಳವೆಯ ತುದಿಯಲ್ಲೇ ಅಲ್ಟ್ರಾಸೌಂಡ್ ಇರುವುದರಿಂದ ಅನ್ನನಾಳದ ಗೋಡೆ ಪದರ ಪದರವಾಗಿ ಕಾಣುತ್ತದೆ. ಲಿಯೋಮಯೋಮಾ ಸಾಮಾನ್ಯವಾಗಿ ನಾಲ್ಕನೆಯ ಪದರದಲ್ಲಿ, ಅಂದರೆ ದಪ್ಪ ಸ್ನಾಯುವಿನಲ್ಲಿ, ಕಪ್ಪಗೆ, ಏಕರೀತಿಯಾಗಿ, ಅಂಚು ಸ್ಪಷ್ಟವಾಗಿ ತೋರುತ್ತದೆ. ಕೆಲವು ಎರಡನೆಯ ಪದರದಲ್ಲಿ, ಒಳಪೊರೆಗೇ ಸೇರಿದ ಸಣ್ಣ ಸ್ನಾಯುವಿನಲ್ಲಿರುತ್ತವೆ. ಅವನ್ನು ಬಾಯಿಯ ಮೂಲಕ ಎಂಡೋಸ್ಕೋಪಿಯಲ್ಲೇ ತೆಗೆಯಬಹುದು, ಎದೆಗೆ ಕೈ ಹಾಕುವ ಪ್ರಮೇಯವೇ ಇಲ್ಲ. ಇದೊಂದು ವ್ಯತ್ಯಾಸಕ್ಕಾದರೂ ಈ ಪರೀಕ್ಷೆ ಮಾಡಿಸಲೇಬೇಕು. ಜೊತೆಗೆ ಎದೆಯ ಸಿಟಿ ಸ್ಕ್ಯಾನ್ ಬೇಕು. ಗಡ್ಡೆ ಶ್ವಾಸನಾಳಕ್ಕೆ, ಮಹಾಧಮನಿಗೆ ಎಷ್ಟು ಹತ್ತಿರ, ಬಲಕ್ಕೋ ಎಡಕ್ಕೋ ಎಂಬುದು ಅದರಲ್ಲೇ ತಿಳಿಯುವುದು. ಬೇರಿಯಂ ಎಂಬ ಬಿಳಿ ದ್ರವ ಕುಡಿಸಿ ತೆಗೆಯುವ ಹಳೆಯ ಎಕ್ಸ್‌ರೇಯನ್ನೂ ತಾತ್ಸಾರ ಮಾಡಬೇಕಿಲ್ಲ: ಲಿಯೋಮಯೋಮಾ ಇದ್ದರೆ ಬಿಳಿ ಬೇರಿಯಂ ಕಂಬದ ಪಕ್ಕದಲ್ಲಿ ಅರ್ಧಚಂದ್ರದಂತೆ ನಯವಾದ ಕಚ್ಚು ಕಾಣುತ್ತದೆ. ಕ್ಯಾನ್ಸರ್ ಹುಡುಕಲು ಮಾಡಿಸುವ ಪೆಟ್ ಸ್ಕ್ಯಾನಿನ ಬಗ್ಗೆ ಒಂದು ಎಚ್ಚರಿಕೆ: ಕ್ಯಾನ್ಸರ್ ಅಲ್ಲದ ಲಿಯೋಮಯೋಮಾ ಕೂಡ ಅದರಲ್ಲಿ ಹೊಳೆಯುವುದುಂಟು. ಹೊಳೆಯಿತು ಎಂದ ಮಾತ್ರಕ್ಕೆ ಕಂಗಾಲಾಗಬೇಡಿ.

ಅಲ್ಟ್ರಾಸೌಂಡಿನಲ್ಲಿ ಗಡ್ಡೆಯ ಅಂಚು ಅಂಕುಡೊಂಕಾಗಿದ್ದರೆ, ಒಳಗೆ ಬಣ್ಣ ಏರುಪೇರಾಗಿದ್ದರೆ, ಬೇಗ ಬೆಳೆದಿದ್ದರೆ, ಪಕ್ಕದ ಗ್ರಂಥಿಗಳು ಊದಿದ್ದರೆ ಮಾತು ಬೇರೆ. ಆಗ ಜಿಸ್ಟ್ ಎಂಬ ಇನ್ನೊಂದು ಜಾತಿಯ ಗಡ್ಡೆಯ ಶಂಕೆ ಬರುತ್ತದೆ. ಅದು ಹೊಟ್ಟೆಯಲ್ಲಿ ಹೆಚ್ಚು, ಅನ್ನನಾಳದಲ್ಲಿ ಅಪರೂಪ, ಆದರೆ ಕ್ಯಾನ್ಸರಿನಂತೆ ಹರಡಬಲ್ಲದು. ಅಂಥ ಕಡೆ ಅಲ್ಟ್ರಾಸೌಂಡ್ ನೋಡಿಕೊಂಡೇ ಸಣ್ಣ ಸೂಜಿಯಿಂದ ಗಡ್ಡೆಯೊಳಗಿನ ಕಣ ಎಳೆಯುತ್ತಾರೆ. ಅದನ್ನು ಚಿಮಟದ ಬಯಾಪ್ಸಿಯ ಜೊತೆ ಗೊಂದಲ ಮಾಡಿಕೊಳ್ಳಬಾರದು. ಶಂಕೆಗೆ ಕಾರಣವಿದ್ದಾಗ ಅದು ಬೇಕಾದ ಪರೀಕ್ಷೆಯೇ.

ಗಡ್ಡೆ ಇದೆ ಎಂದ ಕೂಡಲೇ ತೆಗೆಯಬೇಕಿಲ್ಲ. ಸಣ್ಣದಿದ್ದು, ತೊಂದರೆ ಇಲ್ಲದೆ, ಅಲ್ಟ್ರಾಸೌಂಡಿನಲ್ಲಿ ಸೌಮ್ಯವಾಗಿ ಕಂಡರೆ ಒಂದೆರಡು ವರ್ಷಕ್ಕೊಮ್ಮೆ ಅದೇ ಪರೀಕ್ಷೆ ಮಾಡಿಸಿಕೊಂಡು ಕಾಯಬಹುದು. ನುಂಗಲು ತೊಂದರೆ, ನೋವು, ಬೆಳವಣಿಗೆ, ಮೇಲೆ ಹುಣ್ಣು, ಸುಮಾರು 5 ಸೆಂ.ಮೀ. ದಾಟಿದ ಗಾತ್ರ, ಇಲ್ಲವೇ ಅದು ಏನೆಂಬುದೇ ಅನುಮಾನ, ಇವು ತೆಗೆಯಲು ಕಾರಣಗಳು. ಈ ಗಾತ್ರದ ಗೆರೆಯನ್ನು ಕೆಲವರು 3–4 ಸೆಂ.ಮೀ.ಗೆ ಇಳಿಸುತ್ತಾರೆ, ಅಲ್ಲಿ ರೋಗಿಯ ವಯಸ್ಸು, ಕೆಲಸ, ಆತಂಕ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸುಮಾರು 3.5 ಸೆಂ.ಮೀ.ವರೆಗಿನ ಗಡ್ಡೆಗೆ ಒಳಪೊರೆಯ ಕೆಳಗೆ ಸುರಂಗ ಕೊರೆದು ಎಂಡೋಸ್ಕೋಪಿಯಲ್ಲೇ ತೆಗೆಯುವ ವಿಧಾನವೂ ಬಂದಿದೆ. ಅದರಲ್ಲಿ ಪಳಗಿದವರು ಸಿಕ್ಕರೆ ಎದೆಯ ಮೇಲೆ ಒಂದೂ ಗಾಯವಿಲ್ಲದೆ ಕೆಲಸ ಮುಗಿಯುತ್ತದೆ. ರೋಬೋಟ್ ತೋರಿಸುವ ಆಸ್ಪತ್ರೆಯವರು ಈ ದಾರಿಯನ್ನೂ ಹೇಳುತ್ತಾರೆಯೇ ಎಂದು ನೋಡಿ.

ಈಗ ಶಸ್ತ್ರಚಿಕಿತ್ಸೆ. ಇದು ಅನ್ನನಾಳವನ್ನು ಕತ್ತರಿಸಿ ತೆಗೆಯುವುದಲ್ಲ. ಗಡ್ಡೆಯನ್ನು ಮಾತ್ರ ಬಿಡಿಸಿ ತೆಗೆಯುವುದು. ಎದೆ ತೆರೆದು ಇದನ್ನು ಮಾಡುವುದು 1930ರ ದಶಕದಿಂದ ಇದೆ, ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ, ಅಂದರೆ ದುರ್ಬೀನಿನ ಮೂಲಕ 1990ರ ದಶಕದ ಆರಂಭದಿಂದ, ರೋಬೋಟಿನ ಮೊದಲ ವರದಿ 2004ರದು. ಗಡ್ಡೆ ಮೇಲ್ಭಾಗದಲ್ಲೋ ನಡುವೆಯೋ ಇದ್ದರೆ ಬಲ ಎದೆಯಿಂದ ಹೋಗುತ್ತಾರೆ, ಏಕೆಂದರೆ ಎಡಗಡೆ ಮಹಾಧಮನಿ ಅಡ್ಡ. ಕೆಳಗಿನದಕ್ಕೆ ಎಡ ಎದೆಯಿಂದಲೂ ಹೋಗಬಹುದು. ಹೊಟ್ಟೆ ಸೇರುವ ಜಾಗದ್ದಾದರೆ ಹೊಟ್ಟೆಯ ಕಡೆಯಿಂದ. ಬಲ ಎದೆಗೆ ರೋಗಿಯನ್ನು ಎಡಮಗ್ಗುಲಿಗೆ, ತುಸು ಬೋರಲಾಗಿ ಮಲಗಿಸುತ್ತಾರೆ. ಶ್ವಾಸಕೋಶ ತನ್ನ ಭಾರಕ್ಕೆ ತಾನೇ ಮುಂದಕ್ಕೆ ಜಾರಿ ಅನ್ನನಾಳ ಬಯಲಾಗುತ್ತದೆ. ಅರಿವಳಿಕೆಯವರು ಎರಡು ಕವಲಿನ ಕೊಳವೆ ಹಾಕಿ ಒಂದೇ ಶ್ವಾಸಕೋಶಕ್ಕೆ ಉಸಿರು ಕೊಡುತ್ತಾರೆ. ಪಕ್ಕೆಲುಬುಗಳ ನಡುವೆ 8 ಮಿ.ಮೀ.ನ ಮೂರು ನಾಲ್ಕು ತೂತು, ಸಹಾಯಕರಿಗೆ ಇನ್ನೊಂದು. ಎದೆಯೊಳಗೆ ಇಂಗಾಲದ ಡೈಆಕ್ಸೈಡನ್ನು ಸುಮಾರು 6–8 ಮಿ.ಮೀ. ಪಾದರಸದ ಒತ್ತಡದಲ್ಲಿ ಬಿಡುತ್ತಾರೆ, ಹೆಚ್ಚಾದರೆ ರಕ್ತದೊತ್ತಡ ಕುಸಿಯುತ್ತದೆ.

ಅನ್ನನಾಳದ ಮೇಲಿನ ಪೊರೆ ಬಿಡಿಸಿ, ಅಡ್ಡ ಬರುವ ಅಜೈಗಸ್ ಅಭಿಧಮನಿಯನ್ನು ಅಗತ್ಯವಿದ್ದರೆ ಮಾತ್ರ ಕತ್ತರಿಸಿ, ವೇಗಸ್ ನರವನ್ನು ಪಕ್ಕಕ್ಕೆ ಸರಿಸಿ ಉಳಿಸಿಕೊಳ್ಳುತ್ತಾರೆ. ಆ ನರ ತುಂಡಾದರೆ ಹೊಟ್ಟೆ ಸರಿಯಾಗಿ ಖಾಲಿಯಾಗುವುದಿಲ್ಲ. ಇಷ್ಟರಲ್ಲಿ ಬಾಯಿಯಿಂದ ಎಂಡೋಸ್ಕೋಪ್ ಇಳಿದಿರಬೇಕು. ಅದರ ದೀಪದ ಬೆಳಕು ಗೋಡೆಯ ಆಚೆಯಿಂದ ಕಂಡರೆ ಗಡ್ಡೆ ಎಲ್ಲಿ, ಪೊರೆ ಎಷ್ಟು ತೆಳು ಎಂಬುದು ತಿಳಿಯುತ್ತದೆ. ಗಡ್ಡೆಯ ಮೇಲೆ ಸ್ನಾಯುವನ್ನು ಉದ್ದುದ್ದಕ್ಕೆ ಸೀಳಿದಾಗ ಬಿಳಿ-ಬೂದು ಬಣ್ಣದ, ರಬ್ಬರಿನಂಥ ಗಡ್ಡೆ ಮೇಲೆದ್ದು ಬರುತ್ತದೆ. ಅದು ಜಾರುತ್ತದೆ, ಚಿಮಟಕ್ಕೆ ಸಿಕ್ಕುವುದಿಲ್ಲ. ಬಲವಾಗಿ ಹಿಡಿದರೆ ಹರಿಯುತ್ತದೆ. ಅದಕ್ಕೆ ಗಡ್ಡೆಯ ಮೈಗೇ ಒಂದು ದಪ್ಪ ದಾರದ ಹೊಲಿಗೆ ಹಾಕಿ, ರೋಬೋಟಿನ ಒಂದು ಕೈಯಿಂದ ಆ ದಾರವನ್ನು ಎತ್ತಿ ಹಿಡಿಯುತ್ತಾರೆ. ಇನ್ನೆರಡು ಕೈಗಳು ಸುತ್ತಲಿನ ಸ್ನಾಯುವಿನ ಎಳೆಗಳನ್ನು ಒಂದೊಂದಾಗಿ ಸರಿಸುತ್ತವೆ. ಎಲ್ಲ ಸರಿಯಿದ್ದರೆ ಬೇಯಿಸಿದ ಹಲಸಿನ ಬೀಜ ಸಿಪ್ಪೆಯಿಂದ ಜಾರುವಂತೆ ಗಡ್ಡೆ ಇಡಿಯಾಗಿ ಹೊರಬರುತ್ತದೆ. ತಳದಲ್ಲಿ ಉಳಿಯುವುದು ತೆಳ್ಳನೆಯ, ಹಿಂದಿನ ಬೆಳಕು ಕಾಣುವಷ್ಟು ಪಾರದರ್ಶಕವಾದ ಪೊರೆ. ಆ ಪೊರೆಯ ಹತ್ತಿರ ಬಿಸಿ ಮಾಡುವ ಕತ್ತರಿ ಬಳಸಬಾರದು. ಆ ಕ್ಷಣಕ್ಕೆ ಏನೂ ಆಗಿಲ್ಲವೆಂದು ಕಂಡರೂ ಸುಟ್ಟ ಪೊರೆ ದಿನಗಳು ಕಳೆದ ಮೇಲೆ ಒಡೆಯುತ್ತದೆ.

ಆಮೇಲೆ ಗಾಳಿಯ ಪರೀಕ್ಷೆ. ಎದೆಯೊಳಗೆ ಸಲೈನ್ ತುಂಬಿ, ಆ ಜಾಗ ಮುಳುಗಿದಾಗ ಎಂಡೋಸ್ಕೋಪಿನಿಂದ ಗಾಳಿ ಊದುತ್ತಾರೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ನೋಡುವುದೂ ಇದೂ ಒಂದೇ. ಗುಳ್ಳೆ ಬಂದರೆ ತೂತಿದೆ. ಅಲ್ಲೇ ಸಣ್ಣ ಕರಗುವ ದಾರದಿಂದ ಪೊರೆ ಹೊಲಿದು, ಮೇಲೆ ಸ್ನಾಯು ಮುಚ್ಚಿ, ಬೇಕಿದ್ದರೆ ಪಕ್ಕದ ಪೊರೆಯನ್ನೋ ಪಕ್ಕೆಲುಬಿನ ನಡುವಿನ ಸ್ನಾಯುವನ್ನೋ ತೇಪೆ ಹಾಕುತ್ತಾರೆ. ಆ ಹೊತ್ತಿಗೆ ಕಂಡ ತೂತು ಅಪಾಯವಲ್ಲ. ಕಾಣದೆ ಉಳಿದ ತೂತು ಪ್ರಾಣಕ್ಕೆ ಬರುತ್ತದೆ. ಗುಳ್ಳೆ ಇಲ್ಲದಿದ್ದರೂ ಸೀಳಿದ ಸ್ನಾಯುವನ್ನು ಸಡಿಲವಾಗಿ ಹೊಲಿದು ಮುಚ್ಚಬೇಕು. ತೆರೆದೇ ಬಿಟ್ಟರೆ ಮುಂದೆ ಪೊರೆ ಆ ಕಿಟಕಿಯಿಂದ ಚೀಲದಂತೆ ಹೊರಕ್ಕೆ ಉಬ್ಬಿ ಅನ್ನ ಅದರಲ್ಲೇ ನಿಲ್ಲುತ್ತದೆ. ಬಿಗಿಯಾಗಿ ಹೊಲಿದರೆ ನಾಳವೇ ಕಿರಿದಾಗುತ್ತದೆ. ಎಂಡೋಸ್ಕೋಪ್ ಒಳಗಿರುವಾಗಲೇ ಹೊಲಿಯುವುದು ಅದಕ್ಕೇ.

ರೋಬೋಟಿನ ಬೆಲೆ ಇರುವುದು ಈ ಕೊನೆಯ ಅರ್ಧ ಗಂಟೆಯಲ್ಲಿ. ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ. ಶಸ್ತ್ರಚಿಕಿತ್ಸಕರು ಪಕ್ಕದ ಮೇಜಿನಲ್ಲಿ ಕುಳಿತು ನಡೆಸುತ್ತಾರೆ. ಸಾಮಾನ್ಯ ದುರ್ಬೀನು ಶಸ್ತ್ರಚಿಕಿತ್ಸೆಯ ಉಪಕರಣ ಉದ್ದನೆಯ ನೇರ ಕಡ್ಡಿ. ಪಕ್ಕೆಲುಬಿನ ಸಂದಿಯಲ್ಲಿ ಅದನ್ನು ಬಾಗಿಸಲಾಗದು. ರೋಬೋಟಿನ ಉಪಕರಣಕ್ಕೆ ತುದಿಯಲ್ಲಿ ಮಣಿಕಟ್ಟಿದೆ, ಕೈ ನಡುಕ ಅದರಲ್ಲಿ ಇಳಿಯುವುದಿಲ್ಲ, ಚಿತ್ರ ಆಳ ಸಹಿತ ಹತ್ತು ಪಟ್ಟಿನವರೆಗೆ ದೊಡ್ಡದಾಗಿ ಕಾಣುತ್ತದೆ. ಗಡ್ಡೆಯ ಹಿಂಬದಿಯಲ್ಲಿ ಪೊರೆ ಬಿಡಿಸಲು, ಎದೆಯ ಆಳದಲ್ಲಿ ಸಣ್ಣ ಹೊಲಿಗೆ ಹಾಕಲು ಇದು ನಿಜವಾದ ಅನುಕೂಲ. ಕೊರತೆಯೂ ಅಷ್ಟೇ ನಿಜ. ಈಗ ಬಳಕೆಯಲ್ಲಿರುವ ಹೆಚ್ಚಿನ ಯಂತ್ರಗಳಲ್ಲಿ ಕೈಗೆ ಸ್ಪರ್ಶ ತಿಳಿಯುವುದಿಲ್ಲ. ಎಷ್ಟು ಎಳೆದೆ ಎಂಬುದನ್ನು ಪೊರೆ ಬಿಳಿಚಿಕೊಳ್ಳುವುದನ್ನು ಕಣ್ಣಿನಲ್ಲಿ ನೋಡಿಯೇ ಅಂದಾಜಿಸಬೇಕು; ಹೊಸಬರ ಕೈಯಲ್ಲಿ ದಾರ ತುಂಡಾಗುತ್ತದೆ, ಪೊರೆಯೂ ಹರಿಯುತ್ತದೆ. 2 ಸೆಂ.ಮೀ.ಗಿಂತ ಸಣ್ಣ ಗಡ್ಡೆಯನ್ನು ಬೆರಳಿನಿಂದ ತಡವಿ ಹುಡುಕಲು ಆಗದು, ಎಂಡೋಸ್ಕೋಪ್ ಇಲ್ಲದೆ ಅದು ಸಿಗುವುದೇ ಕಷ್ಟ. ಈ ಗಡ್ಡೆ ಅಪರೂಪವಾದ್ದರಿಂದ ರೋಬೋಟನ್ನೂ ಸಾಮಾನ್ಯ ದುರ್ಬೀನನ್ನೂ ಅಕ್ಕಪಕ್ಕ ಇಟ್ಟು ತೂಗಿದ ದೊಡ್ಡ ಅಧ್ಯಯನಗಳಿಲ್ಲ. ಇರುವುದು ಸಣ್ಣ ವರದಿಗಳು. ಆದ್ದರಿಂದ ನಮ್ಮ ಖಚಿತ ಅಭಿಪ್ರಾಯ ಇದು: ಲಿಯೋಮಯೋಮಾ ಹಲವು ತೆಗೆದ ಕೈಯಲ್ಲಿ ಸಾಮಾನ್ಯ ದುರ್ಬೀನು, ಅನ್ನನಾಳ ಮುಟ್ಟದ ಕೈಯಲ್ಲಿರುವ ರೋಬೋಟಿಗಿಂತ ಮೇಲು. ‘ರೋಬೋಟಿನಲ್ಲಿ ಎಷ್ಟು ಮಾಡಿದ್ದೀರಿ’ ಎಂದಲ್ಲ, ‘ಅನ್ನನಾಳದಲ್ಲಿ ಎಷ್ಟು ಮಾಡಿದ್ದೀರಿ’ ಎಂದು ಕೇಳಿ. ಅಂದು ಥಿಯೇಟರಿನಲ್ಲಿ ಎಂಡೋಸ್ಕೋಪಿಯವರು ಇರುತ್ತಾರೆಯೇ, ಸ್ನಾಯು ಹೊಲಿಯುತ್ತೀರಾ, ಅಗತ್ಯ ಬಿದ್ದರೆ ಎದೆ ತೆರೆಯಲು ಒಪ್ಪಿಗೆ ಪತ್ರದಲ್ಲಿ ಬರೆದಿದೆಯೇ ಎಂದೂ ಕೇಳಿ. ಎದೆ ತೆರೆಯಬೇಕಾಗಿ ಬಂದರೆ ಅದು ಸೋಲಲ್ಲ.

ಗಡ್ಡೆ 8–10 ಸೆಂ.ಮೀ. ದಾಟಿದ್ದರೆ, ನಾಳವನ್ನು ಬಳೆಯಂತೆ ಸುತ್ತಿದ್ದರೆ, ಪೊರೆ ದೊಡ್ಡದಾಗಿ ಹರಿದಿದ್ದರೆ ಅನ್ನನಾಳದ ಭಾಗವನ್ನೇ ತೆಗೆಯಬೇಕಾಗಬಹುದು. ಅದು ಬೇರೆಯೇ ಮಟ್ಟದ ಶಸ್ತ್ರಚಿಕಿತ್ಸೆ. ಆ ಸಾಧ್ಯತೆಯನ್ನು ಮೊದಲೇ ಬಾಯಿಬಿಟ್ಟು ಹೇಳಬೇಕಾದದ್ದು ವೈದ್ಯರ ಕರ್ತವ್ಯ.

ಬೀಡಿ, ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಿ. ಒಂದೇ ಶ್ವಾಸಕೋಶದಲ್ಲಿ ಉಸಿರಾಡಬೇಕಾದ ಶಸ್ತ್ರಚಿಕಿತ್ಸೆ ಇದು. ಮೂರು ಚೆಂಡಿನ ಉಸಿರಾಟದ ಆಟಿಕೆಯಂಥ ಉಪಕರಣವನ್ನು ಮೊದಲೇ ಕೊಂಡು ಅಭ್ಯಾಸ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ತಿಳಿಸಿ. ಶಸ್ತ್ರಚಿಕಿತ್ಸೆಯ ನಂತರ ಎದೆಯಲ್ಲಿ ಒಂದು ಕೊಳವೆ ಇರುತ್ತದೆ. ಒಂದೆರಡು ದಿನದಲ್ಲಿ, ಸಾಮಾನ್ಯವಾಗಿ ನೀರಿನಲ್ಲಿ ಕರಗುವ ಔಷಧಿ ಕುಡಿಸಿ ಎಕ್ಸ್‌ರೇ ತೆಗೆದು ಸೋರಿಕೆ ಇಲ್ಲವೆಂದು ನೋಡಿ, ಆಮೇಲೆಯೇ ಗುಟುಕು ನೀರು. ಮೊದಲು ಗಂಜಿಯ ತಿಳಿ, ಸೋಸಿದ ಸಾರು, ರಾಗಿ ಅಂಬಲಿ; ಆಮೇಲೆ ಸಾಂಬಾರಿನಲ್ಲಿ ನೆನೆದ ಮೆತ್ತನೆ ಇಡ್ಲಿ, ಮೊಸರನ್ನ. ಸುಮಾರು ಎರಡು ವಾರ, ಡಾಕ್ಟರು ಹೇಳುವವರೆಗೆ, ಚಪಾತಿ, ಪಾವ್, ಕೋರಿರೊಟ್ಟಿ, ಮುಳ್ಳಿರುವ ಮೀನು ಬೇಡ. ದೊಡ್ಡ ಮಾತ್ರೆಗಳನ್ನು ಪುಡಿ ಮಾಡಬಹುದೇ ಎಂದು ಕೇಳಿಕೊಳ್ಳಿ. ಬಹಳ ಜನ ಮೂರರಿಂದ ಐದು ದಿನದಲ್ಲಿ ಮನೆಗೆ ಹೋಗುತ್ತಾರೆ. ಮನೆಗೆ ಬಂದ ಮೇಲೆ ಜ್ವರ, ಎದೆಬಡಿತ ಏರುವುದು, ಎದೆನೋವು ಕಡಿಮೆಯಾಗುವ ಬದಲು ಹೆಚ್ಚಾಗುವುದು, ಉಸಿರು ಕಟ್ಟುವುದು, ಕುತ್ತಿಗೆಯ ಚರ್ಮ ಒತ್ತಿದರೆ ಚುರುಚುರು ಎನ್ನುವುದು, ಇವುಗಳಲ್ಲಿ ಒಂದೇ ಇದ್ದರೂ ಅದೇ ಆಸ್ಪತ್ರೆಗೆ ಅದೇ ಗಂಟೆಯಲ್ಲಿ ಹೋಗಿ. ‘ನಾಳೆ ನೋಡೋಣ’ ಎಂದರೆ ಸೋರಿದ ಎಂಜಲು ಎದೆಯಲ್ಲಿ ಕೀವಾಗುತ್ತದೆ. ಮಗಳ ಮನೆ, ಊರಿನ ದೇವರ ಹರಕೆ ಎಂದು ಡಾಕ್ಟರ ಅಪ್ಪಣೆಯಿಲ್ಲದೆ ರಾತ್ರಿ ಬಸ್ಸು ಹತ್ತಬೇಡಿ. ಕೊಂಕಣದ ಘಾಟಿಯ ನಡುವೆ ಎದೆಯ ಶಸ್ತ್ರಚಿಕಿತ್ಸಕರು ಸಿಗುವುದಿಲ್ಲ.

ಹಣದ ವಿಚಾರ ಚಿಕ್ಕದಾಗಿ. ಆರೋಗ್ಯ ವಿಮೆಯಿಂದ ರೋಬೋಟ್ ಶಸ್ತ್ರಚಿಕಿತ್ಸೆಯನ್ನು ಹೊರಗಿಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರ ಮಾರ್ಗಸೂಚಿಯಲ್ಲಿ ಹೇಳಿತು, ಆದರೆ ಅದಕ್ಕೆ ಇಷ್ಟೇ ಹಣ ಎಂಬ ಒಳಮಿತಿ ಹಾಕಲು ಬಿಟ್ಟಿತು. ನಿಮ್ಮ ಪಾಲಿಸಿಯಲ್ಲಿ ‘ಆಧುನಿಕ ಚಿಕಿತ್ಸೆ’ ಎಂಬ ಸಾಲಿನೆದುರು ಎಷ್ಟು ಎಂದು ಬರೆದಿದೆ ನೋಡಿ, ಒಪ್ಪಿಗೆಯನ್ನು ಮೊದಲೇ ಲಿಖಿತದಲ್ಲಿ ಪಡೆಯಿರಿ. ಮಹಾರಾಷ್ಟ್ರದ ಧರ್ಮಾರ್ಥ ಟ್ರಸ್ಟ್ ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆ ಕಡುಬಡವರಿಗೆ ಉಚಿತವಾಗಿ, ಇನ್ನು 10 ಆರ್ಥಿಕವಾಗಿ ದುರ್ಬಲರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕು. ಪಡಿತರ ಚೀಟಿ, ತಹಶೀಲ್ದಾರರ ಆದಾಯ ಪತ್ರ ಹಿಡಿದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ದಾಖಲಾಗುವ ಮುನ್ನವೇ ಕಾಣಬೇಕು. ಕಾಗದ ಮರಾಠಿಯಲ್ಲಿದ್ದು ಓದಲಾಗದವರಿಗೆ ನಮ್ಮ ಸಂಘಸಂಸ್ಥೆಗಳಲ್ಲಿ ಯಾರಾದರೂ ಜೊತೆಗೆ ಹೋಗಿ ನಿಂತರೆ ದೊಡ್ಡ ಉಪಕಾರ.

ಕೊನೆಗೆ, ತೆಗೆದ ಗಡ್ಡೆಯ ಲ್ಯಾಬ್ ವರದಿ ಬರುವವರೆಗೆ ಚಿಕಿತ್ಸೆ ಮುಗಿದಿಲ್ಲ. ಅದರಲ್ಲಿ ಗಡ್ಡೆಯ ಜಾತಿ ಗುರುತಿಸುವ ಪ್ರೋಟೀನುಗಳ ಪೈಕಿ ಡೆಸ್ಮಿನ್, ಆಕ್ಟಿನ್ ಪಾಸಿಟಿವ್, ಸಿಡಿ117 ನೆಗೆಟಿವ್ ಎಂದಿದ್ದರೆ ಲಿಯೋಮಯೋಮಾ. ಸಿಡಿ117 ಪಾಸಿಟಿವ್ ಬಂದರೆ ಅದು ಜಿಸ್ಟ್. ಆಗ ಕ್ಯಾನ್ಸರ್ ತಜ್ಞರನ್ನು ಕಾಣಲೇಬೇಕು. ಈ ವರದಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಸ್ಕ್ಯಾನಿನ ಸಿಡಿ ಮೂರನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ಎಂದಾದರೂ ಎಂಡೋಸ್ಕೋಪಿ ಮಾಡುವವರಿಗೆ ಆ ಜಾಗದ ಪೊರೆಯ ಹಿಂದೆ ಹೊಲಿಗೆ ಇದೆ ಎಂಬುದು ಗೊತ್ತಿರಬೇಕು.

ಇಂತಿ,
ಜಠರ-ಕರುಳು ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ದುಡಿಯುವ ಕನ್ನಡಿಗ ವೈದ್ಯರು ಮತ್ತು ದಾದಿಯರು,
ಮುಂಬಯಿ